ಬೇಟೆಯ ಕೋವಿಯ ಶೋಧನವೂ ಸಂರಕ್ಷಣವೂ: ವಿಜಯಪುರ ಸೀಮೆಯ ಬಳಕೆಯ ವಿಚಾರ

ಆಶ್ವಯುಜ ಶುದ್ಧ ನವಮಿಯಂದು ಆಯುಧಗಳನ್ನು ಹೊರತೆಗೆದು, ಶುಚಿಮಾಡಿ, ಪೂಜಿಸುವ ಆಚಾರವು ಕನ್ನಡನಾಡಿನಲ್ಲೆಲ್ಲ ಉಂಟೆಂಬುದು ವಿದಿತವೇ ಆಗಿದೆ. ವಿಜಯಪುರದ ಕಡೆಯಲ್ಲಿ ಇದಕ್ಕೆ ಖಂಡೇಪೂಜೆಯೆಂದು ಹೆಸರು. ಈ ಸೀಮೆಯಲ್ಲಿ ವರ್ಷದ ಮಳೆಯು ಅತ್ಯಧಿಕವಾಗಿ ಬೀಳುವುದು ಸೆಪ್ಟೆಂಬರಿನಲ್ಲಿ. ಮಹಾನವಮಿಯು ಬರುವುದು ಅದರ ಬೆನ್ನಿಗೆ. ಆದಕಾರಣ ಕಬ್ಬಿಣದ ಆಯುಧವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವುದಕ್ಕೆ ಇದಕ್ಕಿಂತ ಉಚಿತವಾದ ಕಾಲವನ್ನು ಹುಡುಕುವುದು ಕಷ್ಟ. ಕೊಡಗಿನವರು ಸೆಪ್ಟೆಂಬರ್ ೩ರಂದು ಆಚರಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿಯೂ ಕೋವಿಯನ್ನು ಶುಚಿಮಾಡಿ, ತೋಕ್‌ಪೂವಿನಿಂದ ಅಲಂಕರಿಸಿ, ನೆಲ್ಲಕ್ಕಿ ಬಾಡೆಯಲ್ಲಿಟ್ಟು ಪೂಜಿಸುತ್ತಾರೆ. ನಾಟಿಯ ಕೆಲಸ ಮುಗಿದು ಬೇಟೆಯ ಕಾಲವು ಮೊದಲಾಗುತ್ತಿದ್ದ ಸಂಧಿಯಲ್ಲಿ ಆ ಹಬ್ಬವು ನಿಂತಿದೆ.

ಕಾಲವು ಸರಿಯೇ, ವಿಧಾನವು ಮಾತ್ರ ವಿಚಾರಕ್ಕೆ ಅರ್ಹವಾಗಿದೆ. ತಿಕೋಟಾ, ಬಬಲೇಶ್ವರ ಮುಂತಾದ ಊರುಗಳ ಹಳೆಯ ಮನೆಗಳಲ್ಲಿ ಗೂಟಕ್ಕೆ ತೂಗಿದ ಕೋವಿಯನ್ನು ನವಮಿಯ ದಿನ ಇಳಿಸಿ, ಎಣ್ಣೆಯ ಬಟ್ಟೆಯಿಂದ ಹೊರಮೈಯನ್ನು ಒರೆಸಿ, ವಿಭೂತಿ ಕುಂಕುಮಗಳನ್ನು ಹಚ್ಚಿ, ಮಾಲೆ ಹಾಕಿ, ಮರುದಿನ ಮರಳಿ ಗೂಟಕ್ಕೆ ತೂಗುವುದು ಸಾಮಾನ್ಯವಾದ ಕ್ರಮ. ಹೀಗೆ ಪ್ರತಿವರ್ಷವೂ ಎಣ್ಣೆ ಕಂಡ ಕೋವಿಯ ಹೊರಮೈಯು ಕನ್ನಡಿಯಂತೆ ಹೊಳೆಯುತ್ತಿದ್ದರೂ ನಳಿಗೆಯ ಒಳಗೆ ದೀಪ ಹಿಡಿದು ನೋಡಿದರೆ ಗೆದ್ದಲು ತಿಂದ ಕಟ್ಟಿಗೆಯಂತೆ ಕುಳಿಕುಳಿಯಾಗಿರುವುದು ಅಪೂರ್ವವಲ್ಲ. ಎಣ್ಣೆಗೆ ಕೊರತೆಯಿಲ್ಲದಿದ್ದರೂ ಕಬ್ಬಿಣವು ಏಕೆ ಕೆಟ್ಟಿತೆಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಬೇಟೆಯ ಮಾತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಯನ್ನು ರಾಜವಿನೋದಗಳಲ್ಲಿ ಒಂದನ್ನಾಗಿ ವಿಸ್ತಾರವಾಗಿ ವರ್ಣಿಸಿದ್ದಾನೆ, ಅದರಲ್ಲಿ ಕೋವಿಯಿಲ್ಲ. ಕೋವಿಯು ಈ ನಾಡಿನಲ್ಲಿ ಬೇರೂರಿದ್ದು ಆದಿಲಶಾಹಿಯ ಕಾಲಕ್ಕೆ. ಅನಂತರ ಎರೆಯ ಬಯಲಿನ ಚಿಗರಿ, ಮೊಲ, ಕವುಜುಗಗಳ ಹಿಂದೆ ಅದು ಮುನ್ನೂರು ವರ್ಷಗಳಿಗೂ ಮಿಕ್ಕು ಅಲೆಯಿತು. ಬೇಡರಿಗಂತೂ ಅದು ಜೀವನವೇ ಆಗಿತ್ತು. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ತಿರಸ್ಕರಿಸಿ, ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇಂಗ್ಲಿಷರ ಸೈನ್ಯಕ್ಕೆ ಎದುರು ನಿಂತರು. ೧೮೭೮ರ ಕಾಯಿದೆಯಿಂದ ಕೋವಿಗೆ ಪರವಾನಗಿಯ ಬಂಧನವು ದೃಢವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಿಗಿಯಾಗಿ ಕಟ್ಟಿ, ೧೯೯೧ರ ತಿದ್ದುಪಡಿಯಿಂದ ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು. ಆದಕಾರಣ ಇಂದು ಬೇಟೆಯ ಋತುವೆಂಬುದು ಇಲ್ಲ. ಬೇಟೆಯ ಕೋವಿಗಳು ಮಾತ್ರ ಉಳಿದಿವೆ. ೧೯೫೯ರ ಆಯುಧ ಕಾಯಿದೆಯು ಪೈರಿನ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವುದನ್ನು ಒಪ್ಪಿದೆ. ಬಿಳಿಜೋಳವು ಹಾಲುಗಾಳಾದಂದಿನಿಂದ ತಿಕೋಟಾದ ಕಡೆಯ ದ್ರಾಕ್ಷಿಯ ತೋಟಗಳ ಕೊಯಿಲು ಮುಗಿಯುವವರೆಗೆ ಇಂತಹ ಕೋವಿಗೆ ಕೆಲಸ. ಅಂದರೆ ಅದರ ಋತುವು ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಶೋಧನವು ನಡೆಯುವುದು ಆರು ತಿಂಗಳ ಮೇಲೆ, ನವಮಿಯಲ್ಲಿ. ಈ ಆರು ತಿಂಗಳ ಅಂತರದಲ್ಲಿಯೇ ಅನರ್ಥವೆಲ್ಲ ಅಡಗಿದೆ.

ಸಂಸ್ಕೃತ ಗ್ರಂಥಗಳಲ್ಲಿ ಕೋವಿಯ ಶೋಧನವನ್ನು ಸ್ಪಷ್ಟವಾಗಿ ಹೇಳಿರುವುದು ಶುಕ್ರನೀತಿಯಲ್ಲಿ. ಅದು ನಾಲಿಕವನ್ನು ಬೃಹತ್ತು, ಕ್ಷುದ್ರವೆಂದು ಎರಡು ಬಗೆಯಾಗಿ ವಿಂಗಡಿಸಿ, ಐದು ಗೇಣಿನ ನಳಿಗೆಯನ್ನು ವರ್ಣಿಸಿ, ಅಗ್ನಿಚೂರ್ಣದ ಪಾಕವನ್ನೂ ಕೊಡುತ್ತದೆ: ಪೆಟ್ಲುಪ್ಪು ಐದು ಪಲ, ಗಂಧಕ ಒಂದು ಪಲ, ಇದ್ದಲು ಒಂದು ಪಲ. ಮದ್ದನ್ನು ತುಂಬುವುದಕ್ಕೆ ಮೊದಲು ನಾಲಾಸ್ತ್ರವನ್ನು ಶೋಧಿಸತಕ್ಕದ್ದೆಂದೂ, ಆಮೇಲೆ ಚೂರ್ಣವನ್ನಿಟ್ಟು ಶಲಾಕೆಯಿಂದ ತಳಕ್ಕೆ ಕೂಡಿಸತಕ್ಕದ್ದೆಂದೂ ಅದರ ವಿಧಿ. ಈ ಭಾಗವನ್ನು ಹಿಡಿದು ಋಷಿಗಳ ಕಾಲದಲ್ಲಿಯೇ ಕೋವಿಯಿದ್ದಿತೆಂದು ಸಾಧಿಸುವವರು ಅಲ್ಲಲ್ಲಿ ಇದ್ದಾರೆ. ಅದು ಸಾಹಸದ ಮಾತು. ಅದೇ ಗ್ರಂಥವು ಯಂತ್ರದ ಆಘಾತದಿಂದ ಕಲ್ಲು ಕಿಡಿಯನ್ನು ಕೊಡುವ ಬಗೆಯನ್ನು ಹೇಳುವುದರಿಂದ, ಈ ಭಾಗವಾದರೂ ಚಕಮಕಿಯ ಬಂದೂಕುಗಳು ಬಂದ ಮೇಲಿನದೆಂದು ತಿಳಿಯುವುದೇ ಯುಕ್ತವು. ಇಡೀ ಗ್ರಂಥವೇ ೧೯ನೆಯ ಶತಮಾನದ್ದೆಂದು ಹೇಳುವ ವಿದ್ವಾಂಸರೂ ಉಂಟು. ಪ್ರಾಚೀನತೆಯು ಹೋದರೂ ವಿಧಿಯ ಯುಕ್ತತೆಯು ಹೋಗುವುದಿಲ್ಲ. ಗಮನಿಸತಕ್ಕ ಅಂಶವೆಂದರೆ, ಇಲ್ಲಿ ಶೋಧನವು ಹಬ್ಬಕ್ಕೆ ಕಟ್ಟಿದ್ದಲ್ಲ, ಹಾರಿಸುವ ಕ್ರಿಯೆಗೆ ಕಟ್ಟಿದ್ದು.

ಇನ್ನು ಮದ್ದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದೇನು? ಮದ್ದೆಲ್ಲವೂ ಹೊಗೆಯಾಗಿ ಹೋಯಿತೆಂದು ಜನರು ತಿಳಿಯುತ್ತಾರೆ. ಕಪ್ಪುಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ವಾಯುವಾಗದೆ ಘನಪದಾರ್ಥವಾಗಿಯೇ ಪರಿಣಮಿಸುತ್ತದೆ. ಅದರಲ್ಲಿ ಸ್ವಲ್ಪವು ಹೊಗೆಯೊಡನೆ ಹೊರಬಿದ್ದರೂ ಉಳಿದುದು ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಈ ಶೇಷದ ಮುಖ್ಯಾಂಶವು ಆಯುರ್ವೇದದಲ್ಲಿ ಯವಕ್ಷಾರವೆಂದು ಪ್ರಸಿದ್ಧವಾದ ಪದಾರ್ಥವೇ. ಪಾಶ್ಚಾತ್ಯರು ಪೊಟಾಸಿಯಂ ಕಾರ್ಬೋನೇಟ್ ಎನ್ನುವುದು ಇದನ್ನೇ. ಇದರೊಡನೆ ಪೊಟಾಸಿಯಂ ಸಲ್ಫೇಟ್, ಪೊಟಾಸಿಯಂ ಸಲ್ಫೈಡ್‌ಗಳೂ ಇರುತ್ತವೆ. ಹಾರಿಸಿದ ಕೋವಿಯನ್ನು ತೊಳೆಯುವಾಗ ಕೊಳೆತ ಮೊಟ್ಟೆಯ ನಾತವು ಬರುವುದು ಕೊನೆಯದರಿಂದ.

ಯವಕ್ಷಾರವನ್ನು ಬಾಯಿ ಬಿಗಿದ ಭರಣಿಯಲ್ಲಿಡಬೇಕೆಂಬುದನ್ನು ಯಾವ ವೈದ್ಯನೂ ಬಲ್ಲನು. ತೆರೆದಿಟ್ಟರೆ ಅದು ಗಾಳಿಯ ತೇವವನ್ನು ಹೀರಿ ತಾನೇ ನೀರಾಗುತ್ತದೆ. ಅಡಿಗೆಯ ಉಪ್ಪು ನೀರೊಡೆಯುವುದಕ್ಕೆ ಗಾಳಿಯ ತೇವವು ನೂರಕ್ಕೆ ೭೫ರಷ್ಟಾಗಬೇಕು. ಯವಕ್ಷಾರಕ್ಕೆ ೪೩ ಸಾಕು. ವಿಜಯಪುರದ ಬೇಸಗೆಯ ಗಾಳಿಯು ಬಹಳ ಒಣದು. ಆದಕಾರಣ ಫಾಲ್ಗುಣದಲ್ಲಿ ಹಾರಿಸಿ ತೊಳೆಯದೆ ತೂಗಿದ ಕೋವಿಯಲ್ಲಿ ಚೈತ್ರ ವೈಶಾಖಗಳಲ್ಲಿ ಏನೂ ಆಗುವುದಿಲ್ಲ. ಒಳಗೆ ಬೂದುಬಣ್ಣದ ಧೂಳಷ್ಟೇ ಕಾಣುತ್ತದೆ, ಒಡೆಯನು ನಿಶ್ಚಿಂತನಾಗಿರುತ್ತಾನೆ. ಮೃಗಶಿರ ಮಳೆಯ ಗಾಳಿಯು ಬೀಸಿದೊಡನೆ ಆ ಧೂಳು ಒದ್ದೆಯಾಗುತ್ತದೆ. ಜ್ಯೇಷ್ಠದಿಂದ ಭಾದ್ರಪದದವರೆಗೆ ನಾಲ್ಕು ತಿಂಗಳು ನಳಿಗೆಯ ಒಳಮೈಯು ಲವಣಜಲದ ಲೇಪವನ್ನು ಹೊತ್ತುಕೊಂಡಿರುತ್ತದೆ. ನವಮಿಗೆ ಇಳಿಸುವಾಗ ಕೆಲಸವೆಲ್ಲ ಮುಗಿದಿರುತ್ತದೆ. ಕರಾವಳಿಯಲ್ಲಾದರೆ ವಾರದೊಳಗೆ ಕೆಂಪು ತುಕ್ಕು ಕಂಡು ಮನುಷ್ಯನು ಎಚ್ಚರಗೊಳ್ಳುವನು; ಒಣನಾಡಿನಲ್ಲಿ ಅಪರಾಧಕ್ಕೂ ಶಿಕ್ಷೆಗೂ ನಡುವೆ ತಿಂಗಳುಗಳು ಕಳೆಯುವುದರಿಂದ ಕಾರಣವು ತಿಳಿಯದೆ, ‘ಕಬ್ಬಿಣವೇ ಕೀಳು’ ಎಂದು ಕಮ್ಮಾರನನ್ನು ಬೈಯುವುದಾಗುತ್ತದೆ.

ಎಣ್ಣೆಯಿಂದ ಏಕೆ ಉಪಯೋಗವಾಗಲಿಲ್ಲವೆಂಬುದೂ ಇದರಿಂದಲೇ ಸ್ಪಷ್ಟವಾಗುವುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಉಪ್ಪಿನಕಾಯಿಯ ಮೇಲೆ ಎಣ್ಣೆ ಹೊಯ್ದರೆ ಉಪ್ಪು ಹೋಗುವುದೇ? ಕ್ಷಾರದ ಮೇಲೆ ಎಣ್ಣೆ ಬಳಿದರೆ ಕ್ಷಾರವು ಕಬ್ಬಿಣಕ್ಕೂ ಎಣ್ಣೆಗೂ ನಡುವೆ ಭದ್ರವಾಗಿ ಉಳಿಯುವುದು. ಅದನ್ನು ಕರಗಿಸಿ ತೆಗೆಯತಕ್ಕದ್ದು ನೀರೊಂದೇ. ಕಬ್ಬಿಣಕ್ಕೆ ನೀರು ಶತ್ರುವೆಂಬ ಲೋಕಪ್ರತೀತಿಯು ನಿಜವೇ ಆದರೂ, ಕಪ್ಪುಮದ್ದಿನ ಕೋವಿಗೆ ಬೇರೆ ವೈದ್ಯವಿಲ್ಲ. ಮೊದಲು ನೀರು, ಆಮೇಲೆ ಒಣಗಿಸುವಿಕೆ, ಕೊನೆಗೆ ಎಣ್ಣೆ. ಈ ಕ್ರಮವು ತಪ್ಪಿದಲ್ಲಿ ಮೂರೂ ವ್ಯರ್ಥ.

ಕ್ರಮವನ್ನು ಹೇಳುವುದಕ್ಕೆ ಮುನ್ನ, ಕೋವಿಯು ಬರಿದಾಗಿದೆಯೇ ಎಂಬ ಪರೀಕ್ಷೆಯು ಅತ್ಯಗತ್ಯ. ತಲೆಮಾರುಗಳಿಂದ ತೂಗಿದ ಕೋವಿಯಲ್ಲಿ ಯಾರೋ ತುಂಬಿಟ್ಟ ಮದ್ದು ಹಾಗೆಯೇ ಇರುವುದುಂಟು. ಕಪ್ಪುಮದ್ದು ಒಣಗಿದ್ದರೆ ಎಷ್ಟು ವರ್ಷಗಳಾದರೂ ಸತ್ವಹೀನವಾಗುವುದಿಲ್ಲ. ಬಾಯಿಯಿಂದ ತುಂಬುವ ಕೋವಿಯಲ್ಲಿ ಇಣಿಕಿ ನೋಡುವುದರಿಂದ ಪ್ರಯೋಜನವಿಲ್ಲ, ಅಪಾಯವುಂಟು. ಬಾಯಿಯನ್ನು ಮನುಷ್ಯರಿಲ್ಲದ ಕಡೆಗೆ ತಿರುಗಿಸಿ, ಗಜವನ್ನು ಮೆಲ್ಲಗೆ ತಳದವರೆಗೆ ಇಳಿಬಿಟ್ಟು, ಬಾಯಿಯ ಅಂಚಿಗೆ ಸರಿಯಾಗಿ ಗುರುತು ಮಾಡಬೇಕು. ಆಮೇಲೆ ಅದೇ ಗಜವನ್ನು ನಳಿಗೆಯ ಹೊರಮೈಗೆ ಒತ್ತಿ ಹಿಡಿದು, ಅದರ ತುದಿಯು ರಂಜಕದ ಕಿವಿಯವರೆಗೆ ಬರುವುದೇ ಎಂದು ನೋಡಬೇಕು. ಮೂರು ನಾಲ್ಕು ಬೆರಳು ಕಡಿಮೆಯಾದರೆ ಒಳಗೆ ಮದ್ದುಗುಂಡು ಇದೆಯೆಂದೇ ತಿಳಿಯತಕ್ಕದ್ದು. ಅಂಥದನ್ನು ಬಿಸಿಮಾಡುವುದಾಗಲಿ, ಕಬ್ಬಿಣದ ಸಲಾಕೆಯಿಂದ ಕೆದಕುವುದಾಗಲಿ ಕೂಡದು. ಕಿವಿಯಿಂದ ನೀರನ್ನಿಳಿಸಿ ಮದ್ದನ್ನು ನೆನೆಸಿ, ಪರವಾನಗಿಯುಳ್ಳ ಬಂದೂಕಿನ ಅಂಗಡಿಯವರಿಂದ ತೆಗೆಸಬೇಕು. ಬರಿದೆಂದು ನಿಶ್ಚಯವಾದ ಗಜದ ಮೇಲೆ ತಳದ ಗುರುತನ್ನು ಶಾಶ್ವತವಾಗಿ ಕೊರೆದಿಟ್ಟರೆ ಮುಂದೆ ನೋಡಿದ ಮಾತ್ರಕ್ಕೆ ತಿಳಿಯುವುದು.

ಬರಿದಾದ ಕೋವಿಯ ನಳಿಗೆಯನ್ನು ಸಾಧ್ಯವಾದಲ್ಲಿ ಕಟ್ಟಿಗೆಯಿಂದ ಬೇರ್ಪಡಿಸಿ, ಕಿವಿಯ ತುದಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಬಟ್ಟೆ ಸುತ್ತಿದ ಗಜವನ್ನು ಮೇಲಿನಿಂದ ಪಿಚಕಾರಿಯ ದಂಡದಂತೆ ಆಡಿಸಬೇಕು. ನೀರು ಕಿವಿಯಿಂದ ಒಳಕ್ಕೂ ಹೊರಕ್ಕೂ ಆಡುತ್ತ ಮೊದಲು ಮಸಿಯಂತೆ, ಬಳಿಕ ಬೂದಿಯಂತೆ, ಕಡೆಗೆ ಸ್ವಚ್ಛವಾಗಿ ಬರುವುದು. ಮೂರು ನಾಲ್ಕು ಸಲ ನೀರನ್ನು ಬದಲಾಯಿಸಬೇಕು. ಕೊನೆಯ ನೀರು ಕುದಿಯುವಷ್ಟು ಬಿಸಿಯಾಗಿದ್ದರೆ ನಳಿಗೆಯೇ ಕಾದು ತನ್ನ ತೇವವನ್ನು ತಾನೇ ಆರಿಸಿಕೊಳ್ಳುತ್ತದೆ. ತಣ್ಣೀರಿಗಿಂತ ಬಿಸಿನೀರು ಮೇಲೆನ್ನುವುದಕ್ಕೆ ಇದೇ ಮುಖ್ಯ ಕಾರಣ. ಆಮೇಲೆ ಒಣಬಟ್ಟೆಯನ್ನು ಅದು ಬಿಳಿಯಾಗಿ ಬರುವವರೆಗೆ ಆಡಿಸಿ, ನಳಿಗೆಯು ಬೆಚ್ಚಗಿರುವಾಗಲೇ ಎಣ್ಣೆಯನ್ನು ತೆಳುವಾಗಿ ಹಚ್ಚತಕ್ಕದ್ದು. ಮರುದಿನ ಮತ್ತೊಮ್ಮೆ ಬಿಳಿಯ ಬಟ್ಟೆಯನ್ನು ಆಡಿಸಿ ನೋಡಬೇಕು. ಕಂದುಬಣ್ಣ ಕಂಡರೆ ಲವಣವು ಇನ್ನೂ ಉಳಿದಿದೆಯೆಂದರ್ಥ.

ನೀರಿನ ಆಯ್ಕೆಯಲ್ಲಿಯೂ ಈ ಸೀಮೆಯವರು ಎಚ್ಚರವಹಿಸಬೇಕಾಗಿದೆ. ಡೋಣಿಯ ನೀರು ಸವಳೆಂಬುದು ಎಲ್ಲರಿಗೂ ಗೊತ್ತು; ಎರೆಯ ಭೂಮಿಯ ಅನೇಕ ಬಾವಿಗಳ ನೀರೂ ಹಾಗೆಯೇ. ಕುದಿಸಿದರೆ ಸವಳು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುವುದು. ಒಂದು ಉಪ್ಪನ್ನು ತೆಗೆಯಲು ಇನ್ನೊಂದು ಉಪ್ಪನ್ನು ಒಯ್ದಂತಾಗಬಾರದು. ಮಾಳಿಗೆಯಿಂದ ಹಿಡಿದ ಮಳೆಯ ನೀರು ಅತ್ಯುತ್ತಮವು. ಅದಿಲ್ಲದಿದ್ದರೆ ಬೇಳೆ ಬೇಗನೆ ಬೇಯುವ ಬಾವಿಯ ನೀರಾದರೂ ಆಗಬೇಕು.

ಪೈರುಕಾವಲಿನವರಲ್ಲಿ ವಿಶೇಷವಾಗಿ ಕಾಣುವ ಒಂದು ಭ್ರಮೆಯನ್ನು ಇಲ್ಲಿ ಹೇಳದೆ ಬಿಡಲಾಗದು. ಚಿಗರಿಯನ್ನು ಕೊಲ್ಲುವುದು ಮಹಾಪರಾಧವಾದುದರಿಂದ ಅವರು ಗುಂಡಿಲ್ಲದೆ ಬರಿಯ ಮದ್ದನ್ನು ಹಾರಿಸಿ ಶಬ್ದದಿಂದ ಬೆದರಿಸುತ್ತಾರೆ. ‘ಗುಂಡೇ ಹಾರಿಸಲಿಲ್ಲ, ಕೋವಿಯೇಕೆ ಕೊಳೆಯಾದೀತು?’ ಎಂದು ಕೇಳುವವರುಂಟು. ಗುಂಡಿನಿಂದ ಉಳಿಯುವುದು ಸೀಸದ ಗೆರೆ ಮಾತ್ರ. ಅದರಿಂದ ತುಕ್ಕು ಹುಟ್ಟುವುದಿಲ್ಲ. ಕ್ಷಾರವು ಹುಟ್ಟುವುದು ಮದ್ದಿನಿಂದ. ಒಂದು ರಾತ್ರಿ ಹತ್ತು ಬಾರಿ ಬರಿಯ ಮದ್ದನ್ನು ಹಾರಿಸಿದ ಕೋವಿಯು, ಒಂದು ಸಲ ಗುಂಡು ಹೊಡೆದ ಕೋವಿಗಿಂತ ಹತ್ತು ಪಾಲು ಶೋಧನಕ್ಕೆ ಅರ್ಹವಾಗಿರುತ್ತದೆ. ಈ ಸೀಮೆಯ ಕೋವಿಗಳು ಬೇಟೆ ನಿಂತ ಮೇಲೆ ಬೇಟೆಯ ಕಾಲಕ್ಕಿಂತ ಬೇಗನೆ ಕೆಡುತ್ತಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ನಳಿಗೆಯೊಳಗೆ ಸುರುಳಿಗೀರುಗಳುಳ್ಳ ರೈಫಲ್ಲಿನ ವಿಚಾರವು ಸ್ವಲ್ಪ ಬೇರೆ. ಅದರಲ್ಲಿ ಉರಿಯುವುದು ಹೊಗೆಯಿಲ್ಲದ ಮದ್ದು. ಅದು ಯವಕ್ಷಾರವನ್ನು ಉಳಿಸುವುದಿಲ್ಲ. ಆದರೆ ಹಳೆಯ ತೋಟಾಗಳ ಕೇಪಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿದ್ದು, ಅದು ಉರಿದು ಅಡಿಗೆಯ ಉಪ್ಪಿಗೆ ಸೋದರವಾದ ಪೊಟಾಸಿಯಂ ಕ್ಲೋರೈಡ್ ಆಗುತ್ತದೆ. ಹೊಗೆಯಿಲ್ಲದ ಮದ್ದನ್ನು ಕಂಡು, ಇನ್ನು ನೀರು ಬೇಡವೆಂದು ಎಣ್ಣೆಯನ್ನೇ ನಂಬಿದವರ ರೈಫಲ್ಲುಗಳು ಹಾಳಾದುದು ಇದರಿಂದ. ಸೈನಿಕರು ಆಲಿಕೆಯಿಂದ ಕುದಿನೀರನ್ನು ನಳಿಗೆಯಲ್ಲಿ ಹೊಯ್ಯುತ್ತಿದ್ದುದು ಇದಕ್ಕಾಗಿಯೇ. ಈಗಿನ ತೋಟಾಗಳಲ್ಲಿ ಬಹುಮಟ್ಟಿಗೆ ಈ ದೋಷವಿಲ್ಲ. ಭಾರತದ ಆಯುಧ ಕಾರ್ಖಾನೆಗಳಲ್ಲಿ ಸಿದ್ಧವಾಗುವ ೦.೩೧೫ ಅಂಗುಲದ ರೈಫಲ್ಲನ್ನು ಇಟ್ಟುಕೊಂಡವರು, ತೋಟಾವು ಹಳೆಯದೋ ಹೊಸದೋ ಎಂಬ ಸಂಶಯವಿದ್ದಲ್ಲಿ ಹಳೆಯದೆಂದೇ ಭಾವಿಸಿ ತೊಳೆಯುವುದು ಕ್ಷೇಮ. ಗೀರುಗಳಲ್ಲಿ ಗುಂಡಿನ ತಾಮ್ರದ ಕವಚವು ಸವೆದು ಅಂಟಿರುವುದನ್ನು ಅಮೋನಿಯಾ ಕೂಡಿದ ದ್ರಾವಣವು ಕರಗಿಸುತ್ತದೆ. ಬಟ್ಟೆಯು ನೀಲಿಯಾಗಿ ಬರುವವರೆಗೂ ತಾಮ್ರವಿದೆಯೆಂದು ತಿಳಿಯಬೇಕು. ಇದನ್ನು ಕೇಳಿ ಕಲಾಯಿಯವರ ನವಸಾಗರವನ್ನು ಅರೆದು ಹಚ್ಚಿದರೆ ಅನರ್ಥವಾದೀತು, ಏಕೆಂದರೆ ನವಸಾಗರವು ತಾನೇ ಕಬ್ಬಿಣವನ್ನು ತಿನ್ನುವ ಲವಣ. ಗಜವನ್ನು ಯಾವಾಗಲೂ ಹಿಂಭಾಗದಿಂದಲೇ ತೂರಿಸಬೇಕು. ನಳಿಗೆಯ ಬಾಯಿಯ ಅಂಚು ಒಂದು ಕಡೆ ಸವೆದರೂ ಗುರಿಯು ಕೆಡುವುದು.

ಲೋಹದ ಸ್ವಭಾವವನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ವಿಜಯಪುರದ ಕೋಟೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು ೧೫೪೯ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಎರಕಹೊಯ್ದನು. ಅದು ೧೪ ಅಡಿಗಿಂತ ತುಸು ಹೆಚ್ಚು ಉದ್ದ, ಸುಮಾರು ೫೫ ಟನ್ ತೂಕ. ಅದರ ಲೋಹವನ್ನು ಪರೀಕ್ಷಿಸಿದಾಗ ನೂರರಲ್ಲಿ ೮೦ ಭಾಗ ತಾಮ್ರ, ಉಳಿದುದು ತವರವೆಂದು ಗೊತ್ತಾಯಿತು. ಅಂದರೆ ಗಂಟೆಗೂ ಊಟದ ತಟ್ಟೆಗೂ ಬಳಸುವ ಕಂಚು. ಅದರ ಮೇಲಿನ ಅಕ್ಷರಗಳೂ ಆನೆಯನ್ನು ನುಂಗುವ ಸಿಂಹಮುಖವೂ ಇಂದಿಗೂ ನಿನ್ನೆ ಕಡೆದಂತಿವೆ. ಕಂಚಿಗೆ ಬರುವ ಕಿಲುಬು ಮೇಲೆಯೇ ಕವಚದಂತೆ ನಿಲ್ಲುತ್ತದೆ. ಕಬ್ಬಿಣದ ತುಕ್ಕು ಸಡಿಲವಾಗಿ ಉದುರಿ ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತದೆ. ಉಪ್ಪಲಿ ಬುರುಜಿನ ಮೇಲಿರುವ ೩೦ ಅಡಿ ೮ ಅಂಗುಲ ಉದ್ದದ ತೋಪು ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಬಳೆಗಳಿಂದ ಬಿಗಿದು ಮಾಡಿದ್ದು. ದಕ್ಷಿಣದ ಕೋಟೆಯ ಲಂಡಾ ಕಸಾಬವೂ ಕಬ್ಬಿಣದ್ದೇ. ಇವು ಬಿಸಿಲುಮಳೆಗಳಲ್ಲಿ ಇಷ್ಟು ಶತಮಾನ ನಿಂತಿರುವಾಗ ಮನೆಯೊಳಗಿನ ಕೋವಿಯು ಏಕೆ ನಿಲ್ಲದೆಂದು ಕೇಳಬಹುದು. ಅಂಗುಲಗಟ್ಟಲೆ ದಪ್ಪದ ತೋಪಿಗೆ ಒಂದು ನೂಲೆಳೆಯಷ್ಟು ತುಕ್ಕು ಗಣನೆಗೆ ಬಾರದು, ಕೋವಿಯ ತೆಳುವಾದ ನಳಿಗೆಗೆ ಅದೇ ಮರಣ. ಅಲ್ಲದೆ ಈ ತೋಪುಗಳನ್ನು ಶತಮಾನಗಳಿಂದ ಹಾರಿಸಿಲ್ಲ. ಅವುಗಳ ಮೇಲೆ ಬೀಳುವುದು ಬರಿಯ ಮಳೆನೀರು. ಅದು ಇದ್ದಬದ್ದ ಕ್ಷಾರವನ್ನೂ ತೊಳೆದುಬಿಟ್ಟಿರಬೇಕು.

ಎಣ್ಣೆಗಳ ವಿಷಯಕ್ಕೆ ಬಂದರೆ, ಈ ಸೀಮೆಯ ಮನೆಮನೆಯಲ್ಲಿರುವುದು ಕುಸುಬಿಯ ಎಣ್ಣೆ. ಅದು ಅಡಿಗೆಗೆ ಎಷ್ಟು ಶ್ರೇಷ್ಠವೋ ಕೋವಿಯ ಕೀಲಿಗೆ ಅಷ್ಟು ಅನಿಷ್ಟ. ಕುಸುಬೆ, ಅಗಸೆ ಇವುಗಳ ಎಣ್ಣೆಗಳು ಗಾಳಿಯಲ್ಲಿ ಒಣಗಿ ಅರಗಿನಂತೆ ಗಟ್ಟಿಯಾಗುವ ಜಾತಿಯವು. ಕುಸುಬಿಯ ಎಣ್ಣೆಯನ್ನು ಕಾಯಿಸಿ ಗಟ್ಟಿಮಾಡಿ ತೊಗಲಿನ ಸಾಮಾನುಗಳಿಗೆ ನೀರು ತಾಗದಂತೆ ಬಳಿಯುತ್ತಿದ್ದುದು ಈ ಗುಣದಿಂದಲೇ. ಕೋವಿಯ ಕೀಲಿಗೆ ಹಾಕಿದರೆ ವರ್ಷದೊಳಗೆ ಕುದುರೆಯು ಅಂಟಿಕೊಂಡು, ಬೀಳಬೇಕಾದಾಗ ಬೀಳದೆ, ಬೀಳಬಾರದಾಗ ಬೀಳುವುದು. ಕಟ್ಟಿಗೆಯ ಮೈಗಾದರೋ ಇವೇ ಉತ್ತಮ: ಅಗಸೆಯ ಎಣ್ಣೆಯನ್ನು ಅಂಗೈಯಿಂದ ಬಿಸಿಯೇರುವಂತೆ ತಿಕ್ಕಿದರೆ ತೇವವು ಒಳಹೊಗದು, ಕಟ್ಟಿಗೆಯು ಬಿರಿಯದು. ಕೊಬ್ಬರಿಯ ಎಣ್ಣೆ ಒಣಗುವುದಿಲ್ಲ, ಆದರೆ ಮಾರ್ಗಶಿರದ ರಾತ್ರಿಗಳಲ್ಲಿ ಹೆಪ್ಪುಗಟ್ಟುತ್ತದೆ. ಶೇಂಗಾ ಎಣ್ಣೆಯು ಹಳತಾದರೆ ಕಮಟುಹಿಡಿದು ಆಮ್ಲವನ್ನು ಬಿಡುತ್ತದೆ. ಕಬ್ಬಿಣಕ್ಕೂ ಕೀಲಿಗೂ ಖನಿಜತೈಲವೇ ಯೋಗ್ಯವು. ಹೊಲಿಗೆಯ ಯಂತ್ರಕ್ಕೆ ಹಾಕುವ ಶುದ್ಧವಾದ ಎಣ್ಣೆ ಸಾಕು, ಅದೂ ಹನಿಗಳ ಲೆಕ್ಕದಲ್ಲಿ. ಎಣ್ಣೆ ಹೆಚ್ಚಾದಲ್ಲಿ ಎರೆಯ ಧೂಳು ಅದರಲ್ಲಿ ಕಲಸಿ ಸಾಣೆಯ ಕೆಸರಿನಂತಾಗಿ ಕೀಲನ್ನು ಸವೆಸುವುದು.

ಪೂಜೆಯ ಸಾಮಗ್ರಿಗಳ ವಿಚಾರದಲ್ಲಿ ಭಕ್ತಿಗೆ ಬಾಧಕವಿಲ್ಲದಂತೆ ಒಂದು ಮಾತು. ಕಟ್ಟಿಗೆಯ ಬೂದಿಯಲ್ಲಿ ಕ್ಷಾರವು ಸಹಜವಾಗಿಯೇ ಇದೆ, ಹುಣಿಸೆಯಲ್ಲಿ ಆಮ್ಲವಿದೆ, ಹೂವಿನ ಮಾಲೆಯಲ್ಲಿ ನೀರಿದೆ. ಕಂಚುಹಿತ್ತಾಳೆಯ ಪಾತ್ರೆಗಳನ್ನು ಬೆಳಗುವ ಹುಣಿಸೆಬೂದಿಯಿಂದ ಕೋವಿಯನ್ನು ಬೆಳಗಬಾರದು. ಅದರ ಹೊರಮೈಯ ಕಂದು ಅಥವಾ ನೀಲಿಯ ಲೇಪವೇ ಅದಕ್ಕೆ ರಕ್ಷೆ, ಅದು ಕೊಳೆಯಲ್ಲ. ಗಂಧ ಕುಂಕುಮಗಳನ್ನು ಕಟ್ಟಿಗೆಯ ಭಾಗಕ್ಕೆ ಹಚ್ಚಿ, ಮರುದಿನ ಒರೆಸಿ, ಆಮೇಲೆ ಮೇಲಿಟ್ಟರೆ ಶಾಸ್ತ್ರಕ್ಕೆ ಯಾವ ಲೋಪವೂ ಇಲ್ಲ. ತಂಗಡಿಯ ತೊಗಟೆಯಿಂದ ಹದಮಾಡಿದ ತೊಗಲಿನ ಚೀಲವು ಹೊತ್ತು ತಿರುಗುವುದಕ್ಕೆ ಒಳ್ಳೆಯದು, ಕೂಡಿಡುವುದಕ್ಕೆ ಕೆಟ್ಟದ್ದು. ಅದು ತೇವವನ್ನು ಹೀರಿ ಕಬ್ಬಿಣಕ್ಕೆ ಒಪ್ಪಿಸುತ್ತದೆ. ಬೀಗವುಳ್ಳ ಕಪಾಟಿನಲ್ಲಿ, ಮಣ್ಣಿನ ಗೋಡೆಗೆ ತಾಗದಂತೆ, ಮದ್ದುತೋಟಾಗಳಿಂದ ಬೇರೆಯಾಗಿ, ಬಾಯಿ ಕೆಳಗಾಗಿ ನಿಲ್ಲಿಸುವುದು ಲೇಸು. ಮಿಕ್ಕ ಎಣ್ಣೆಯು ಹಿಂದಕ್ಕೆ ಜಾರಿ ಕಟ್ಟಿಗೆಯನ್ನು ಕೊಳೆಸದು.

ಚುನಾವಣೆಗಳು ಬಂದಾಗ ಪರವಾನಗಿಯ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಾಗಲಿ ಅಂಗಡಿಯಲ್ಲಾಗಲಿ ಒಪ್ಪಿಸಬೇಕಾಗುವುದು ಸಾಮಾನ್ಯ. ಅಲ್ಲಿ ಅವು ತಿಂಗಳುಗಟ್ಟಲೆ ಯಾರ ಆರೈಕೆಯೂ ಇಲ್ಲದೆ ಇರುತ್ತವೆ. ಒಪ್ಪಿಸುವ ಹಿಂದಿನ ದಿನವೇ ಮೇಲೆ ಹೇಳಿದಂತೆ ತೊಳೆದು ಒಣಗಿಸಿ, ಈ ಸಂದರ್ಭದಲ್ಲಿ ಮಾತ್ರ ತೆಳುವಾದ ಎಣ್ಣೆಗೆ ಬದಲಾಗಿ ಗಟ್ಟಿಯಾದ ಖನಿಜದ ಜಿಡ್ಡನ್ನು ನಳಿಗೆಯ ಒಳಗೂ ಹೊರಗೂ ಬಳಿಯಬೇಕು. ಹಾಗೆ ಬಳಿದುದನ್ನು ತಿಳಿಸುವ ಚೀಟಿಯನ್ನು ಕುದುರೆಗೆ ಕಟ್ಟುವುದು ಅವಶ್ಯ. ನಳಿಗೆಯಲ್ಲಿ ಜಿಡ್ಡು ತುಂಬಿರುವಾಗಲೇ ಹಾರಿಸಿದರೆ ಅದು ಗುಂಡಿಗೆ ತಡೆಯಾಗಿ ನಳಿಗೆಯು ಉಬ್ಬುವುದು ಅಥವಾ ಒಡೆಯುವುದು. ಮರಳಿ ಪಡೆದ ಮೇಲೆ ಮೊದಲು ಗಜದ ಪರೀಕ್ಷೆ, ಆಮೇಲೆ ಒಣಬಟ್ಟೆಯಿಂದ ಜಿಡ್ಡನ್ನು ಪೂರ್ತಿಯಾಗಿ ತೆಗೆಯುವುದು, ಕಿವಿಯಲ್ಲಿ ಅಥವಾ ಕೇಪು ಕೂಡುವ ತೊಟ್ಟಿನಲ್ಲಿ ಸಿಕ್ಕಿದ ಜಿಡ್ಡನ್ನು ಹಿತ್ತಾಳೆಯ ತಂತಿಯಿಂದ ಬಿಡಿಸುವುದು, ಈ ಕ್ರಮದಲ್ಲಿ ನಡೆಯತಕ್ಕದ್ದು.